ಅಲಬಾಮಾದಲ್ಲಿ ಚೆಂಡು ಹಿಡಿದವರು



ಕೆಲವು ವಾರಗಳ ಹಿಂದೆ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಒಂದು ಪ್ರಶ್ನೆ ಕೇಳಿದ್ದೆ, ನೆನಪಿರಬಹುದು. ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ, ಈ ಮೂವರಲ್ಲಿ ಕರ್ನಾಟಕ ಕಂಡ ಅತಿ ದೊಡ್ಡ ಸ್ಪಿನ್ ಬೌಲರ್ ಯಾರು? ಕೇಳಿದ್ದೇ ತಪ್ಪಾಯಿತೇನೋ ಅನ್ನುವ ಹಾಗೆ ಫೋನು ಬಾರಿಸಿತು. ಲೆಕ್ಕ ಹಿಡಿದವರು ಕುಂಬ್ಳೆಯ 619 ಟೆಸ್ಟ್ ವಿಕೆಟ್ ಮುಂದಿಟ್ಟು, ಇನ್ನೇನು ಮಾತು ಅಂದರು. 1971ರ ಓವಲ್ ಟೆಸ್ಟನ್ನು ರೇಡಿಯೋಕ್ಕೆ ಕಿವಿ ಹಚ್ಚಿ ಕೇಳಿದ ಹಿರಿಯರು ಚಂದ್ರ 38 ರನ್ನಿಗೆ 6 ವಿಕೆಟ್ ತೆಗೆದ ಆ ಮಧ್ಯಾಹ್ನವನ್ನು ಬಿಟ್ಟು ಒಂದು ಹೆಜ್ಜೆಯೂ ಸರಿಯಲಿಲ್ಲ. ಪ್ರಸನ್ನರ ಪಕ್ಷದವರಂತೂ ಲೆಕ್ಕದ ಮಾತೇ ಆಡಲಿಲ್ಲ. ‘ನೀವು ಅವರ ಬೌಲಿಂಗ್ ನೋಡಿಲ್ಲ ಕಣಮ್ಮ’ ಅಂದು ಮುಗಿಸಿಬಿಟ್ಟರು.

ಆ ದಿನ ಕೊನೆಗೆ ಬಂದ ಫೋನು ಮಾಟುಂಗಾದ ಹಿರಿಯರೊಬ್ಬರದು. ಅವರ ಮಗ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ‘ಅಲ್ಲೂ ಇದೇ ಜಗಳವಂತೆ ಮೇಡಂ. ಅವರ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ವೈಡ್ ರಿಸೀವರ್ ಅಂತ ಇರ್ತಾರಂತೆ. ಅವರಲ್ಲಿ ಯಾರು ದೊಡ್ಡವರು ಅಂತ ಹಾಸ್ಟೆಲ್ಲಲ್ಲಿ ರಾತ್ರಿಯೆಲ್ಲ ವಾದ. ಮಗ ನನಗೆ ಹೇಳ್ತಾನೆ, ನನಗೆ ಒಂದಕ್ಷರ ಅರ್ಥ ಆಗಲ್ಲ. ನೀವೇ ಒಂದು ಸಲ ಬಿಡಿಸಿ ಹೇಳಿ’ ಅಂದರು. ಹೇಳ್ತೀನಿ ಅಂತ ಮಾತು ಕೊಟ್ಟೆ. ಓದಲು ಕೂತ ಮೇಲೆ ಗೊತ್ತಾಯಿತು, ಇದು ಎರಡು ಹಾಡಿನ ನಡುವೆ ಮುಗಿಯುವ ಮಾತಲ್ಲ. ಹಾಗಾಗಿ ಈ ಪುಟದಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಟ. ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಮ್ಮ ಕೂಪರೇಜಿನ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡು, ತಂಡಕ್ಕೆ ಹನ್ನೊಂದು ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಪ್ರಯತ್ನ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಇನ್ನೂ ನಾಲ್ಕು ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಮೈದಾನದ ಕೊನೆ ಮುಟ್ಟಿದರೆ ಟಚ್‌ಡೌನ್. ಮುಂದೆ ಹೋಗಲು ಎರಡು ದಾರಿ. ಒಂದು, ಚೆಂಡನ್ನು ಎದೆಗವಚಿಕೊಂಡು ಜನರ ನಡುವೆ ನುಗ್ಗಿ ಓಡುವುದು. ಇನ್ನೊಂದು, ಕ್ವಾರ್ಟರ್‌ಬ್ಯಾಕ್ ಎಂಬಾತ ಹಿಂದೆ ನಿಂತು ಚೆಂಡನ್ನು ದೂರಕ್ಕೆ ಎಸೆಯುವುದು, ಮೈದಾನದ ಅಂಚಿನಿಂದ ಓಡಿಹೋದವನು ಅದನ್ನು ಹಿಡಿಯುವುದು. ಆ ಹಿಡಿಯುವವನೇ ವೈಡ್ ರಿಸೀವರ್.

1983ರ ವಿಶ್ವಕಪ್ ಫೈನಲ್‌ನಲ್ಲಿ ರಿಚರ್ಡ್ಸ್ ಹೊಡೆದ ಚೆಂಡನ್ನು ಕಪಿಲ್ ದೇವ್ ಹಿಮ್ಮುಖವಾಗಿ ಓಡಿ ಹಿಡಿದರಲ್ಲ, ಅದನ್ನು ನೆನೆಸಿಕೊಳ್ಳಿ. ಈಗ ಕಪಿಲ್ ಪಕ್ಕದಲ್ಲೇ ಎದುರಾಳಿಯೊಬ್ಬ ಓಡುತ್ತಾ ಕೈ ಅಡ್ಡ ಹಾಕುತ್ತಿದ್ದಾನೆ ಅಂದುಕೊಳ್ಳಿ. ಹಿಡಿದ ಮರುಕ್ಷಣ ಇನ್ನೊಬ್ಬ ಬಂದು ಸೊಂಟಕ್ಕೆ ಗುದ್ದಿ ಬೀಳಿಸುತ್ತಾನೆ. ಬಿದ್ದರೂ ಚೆಂಡು ಕೈಯಲ್ಲೇ ಇರಬೇಕು. ಇದನ್ನು ಒಂದು ಪಂದ್ಯದಲ್ಲಿ ಏಳೆಂಟು ಸಲ ಮಾಡುವವನು ಒಳ್ಳೆಯ ವೈಡ್ ರಿಸೀವರ್.

ಅಲಬಾಮಾ ವಿಶ್ವವಿದ್ಯಾಲಯ ಇರುವುದು ಟಸ್ಕಲೂಸಾ ಎಂಬ ಊರಿನಲ್ಲಿ. 1892ರಿಂದ ಅಲ್ಲಿ ಈ ಆಟ ನಡೆದಿದೆ. ಕಾಲೇಜು ತಂಡ ಅಂದಾಕ್ಷಣ ನಮ್ಮ ಅಂತರ ಕಾಲೇಜು ಪಂದ್ಯಾವಳಿಯ ಖಾಲಿ ಬೆಂಚು ನೆನಪಾಗುವುದು ಬೇಡ. ಅಲ್ಲಿನ ಕ್ರೀಡಾಂಗಣದಲ್ಲಿ ಒಂದು ಲಕ್ಷ ಜನ ಕೂರುತ್ತಾರೆ. ವಾಂಖೆಡೆಯ ಮೂರು ಪಟ್ಟು! ಅದೂ ವಿದ್ಯಾರ್ಥಿಗಳು ಆಡುವ ಪಂದ್ಯಕ್ಕೆ. ದೇಶದ ಅಗ್ರ ತಂಡ ಎಂಬ ಪಟ್ಟ ಈ ಕಾಲೇಜಿಗೆ ಎಷ್ಟೋ ಸಲ ಸಿಕ್ಕಿದೆ. ಹೀಗಾಗಿ ಜಗಳವೂ ದೊಡ್ಡದು.

ಈಗಿನ ಹುಡುಗರನ್ನು ಕೇಳಿದರೆ ಉತ್ತರ ಒಂದೇ: ಡೆವಾಂಟಾ ಸ್ಮಿತ್. ಲೂಸಿಯಾನಾದ ಅಮೀಟ್ ಎಂಬ ಪುಟ್ಟ ಊರಿನಿಂದ ಬಂದ ಸಣಕಲು ಹುಡುಗ. ಈ ಆಟಕ್ಕೆ ಬೇಕಾದ ಮೈಕಟ್ಟು ನೋಡಿದರೆ ಇವನನ್ನು ಯಾರು ಸೇರಿಸಿಕೊಂಡರೋ ಅನ್ನಬೇಕು. 2018ರ ಜನವರಿ 8ರಂದು ಜಾರ್ಜಿಯಾ ವಿರುದ್ಧದ ರಾಷ್ಟ್ರೀಯ ಫೈನಲ್ ಸಮಬಲದಲ್ಲಿ ಮುಗಿದು ಹೆಚ್ಚುವರಿ ಅವಧಿಗೆ ಹೋಯಿತು. ಜಾರ್ಜಿಯಾ ಮೂರು ಅಂಕ ಮುಂದಿತ್ತು. ಅಲಬಾಮಾದ ಮೊದಲ ಪ್ರಯತ್ನದಲ್ಲೇ ಕ್ವಾರ್ಟರ್‌ಬ್ಯಾಕ್ ಸಿಕ್ಕಿಬಿದ್ದು ತಂಡ ಹದಿನಾರು ಗಜ ಹಿಂದೆ ಸರಿಯಿತು. ಮರು ಎಸೆತದಲ್ಲೇ 41 ಗಜ ದೂರ ಬಂದ ಚೆಂಡನ್ನು ಎಡ ಅಂಚಿನಲ್ಲಿ ಓಡುತ್ತಿದ್ದ ಸ್ಮಿತ್ ಹಿಡಿದ. ಪಂದ್ಯ ಮುಗಿಯಿತು, 26-23. ಆಗ ಅವನು ಮೊದಲ ವರ್ಷದ ವಿದ್ಯಾರ್ಥಿ.

ಕೊನೆಯ ವರ್ಷ, ಕೊರೋನಾದ 2020ರಲ್ಲಿ, ಅವನು 117 ಚೆಂಡು ಹಿಡಿದು 1,856 ಗಜ ಗಳಿಸಿದ, 23 ಟಚ್‌ಡೌನ್. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಸಾಮಾನ್ಯವಾಗಿ ಚೆಂಡು ಎಸೆಯುವವನಿಗೋ ಹೊತ್ತು ಓಡುವವನಿಗೋ ಹೋಗುತ್ತದೆ. 1991ರ ನಂತರ ವೈಡ್ ರಿಸೀವರ್ ಒಬ್ಬನಿಗೆ ಅದು ಸಿಕ್ಕಿದ್ದು ಸ್ಮಿತ್‌ಗೇ ಮೊದಲು. ಟ್ರೋಫಿ ಬಂದ ವಾರದೊಳಗೆ ಒಹಾಯೋ ಸ್ಟೇಟ್ ವಿರುದ್ಧ ಫೈನಲ್. ಅರ್ಧ ಆಟದಲ್ಲೇ 12 ಕ್ಯಾಚ್, 215 ಗಜ, 3 ಟಚ್‌ಡೌನ್. ವಿರಾಮದ ನಂತರ ಬೆರಳಿನ ಕೀಲು ತಪ್ಪಿ ಹೊರಗೆ ಕೂತ. ಅಷ್ಟರಲ್ಲಿ ಕೆಲಸ ಆಗಿಹೋಗಿತ್ತು.

ಸ್ಮಿತ್‌ಗೆ ಎದುರಾಗಿ ಇನ್ನಿಬ್ಬರ ಹೆಸರು ಬರುತ್ತದೆ. 2012ರಿಂದ 2014ರವರೆಗೆ ಆಡಿದ ಅಮಾರಿ ಕೂಪರ್, ಮೂರೇ ವರ್ಷಕ್ಕೆ 228 ಕ್ಯಾಚ್. ಸ್ಮಿತ್‌ನ 235 ಬಂದದ್ದು ನಾಲ್ಕು ವರ್ಷಕ್ಕೆ ಅನ್ನುವುದು ಕೂಪರ್ ಪಕ್ಷದ ವಾದ, ತೆಗೆದುಹಾಕುವಂಥದ್ದಲ್ಲ. ಅವನಿಗಿಂತ ಮೊದಲು ಹೂಲಿಯೊ ಜೋನ್ಸ್. 2010ರಲ್ಲಿ ಕೈಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ತಿಂಗಳಲ್ಲೇ ಟೆನೆಸೀ ವಿರುದ್ಧ 221 ಗಜ ಗಳಿಸಿದವನು. ಜೋನ್ಸ್‌ನ ಕೈಗೆ ಇನ್ನೂ ಒಳ್ಳೆಯ ಎಸೆತಗಾರ ಸಿಕ್ಕಿದ್ದರೆ ಅನ್ನುವವರು ಟಸ್ಕಲೂಸಾದಲ್ಲಿ ಬೇಕಾದಷ್ಟು ಜನ. ಅವರು ಒಂಥರಾ ನಮ್ಮ ಪ್ರಸನ್ನರ ಪಕ್ಷದವರು.

ಲೆಕ್ಕದ ಮಟ್ಟಿಗೆ ಸ್ಮಿತ್‌ನ 46 ಟಚ್‌ಡೌನ್ ಹತ್ತಿರ ಯಾರೂ ಇಲ್ಲ. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಲೆಕ್ಕ ಅನ್ನುವುದು ಬರೆದಿಟ್ಟವರಿದ್ದರೆ ತಾನೇ? ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಆಟಗಾರರ ಅಂಕಿ-ಅಂಶಗಳನ್ನು ಅಧಿಕೃತವಾಗಿ ಇಡಲು ಶುರುಮಾಡಿದ್ದು 1937ರಲ್ಲಿ. ಈ ವಾದದ ಎರಡನೇ ದೊಡ್ಡ ಹೆಸರು ಅಷ್ಟರಲ್ಲಿ ಕಾಲೇಜು ಬಿಟ್ಟು ಎರಡು ವರ್ಷ ಆಗಿತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೊದಮೊದಲು ಈ ಆಟದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವ ಹಾಗೇ ಇರಲಿಲ್ಲ. ಎಲ್ಲರೂ ಒಂದೆಡೆ ಗುಂಪುಗೂಡಿ ನುಗ್ಗುವುದು, ತುಳಿಯುವುದು. ಹುಡುಗರು ಸಾಯತೊಡಗಿದರು. 1905ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಕರೆಸಿ ಮಾತಾಡಬೇಕಾಯಿತು. ಮರುವರ್ಷ ಬಂದ ಹೊಸ ನಿಯಮಗಳಲ್ಲಿ ಮುಂದಕ್ಕೆ ಎಸೆಯುವ ಅನುಮತಿಯೂ ಒಂದು. ಆದರೆ ಹಳೆಯ ಗುರುಗಳು ಅದನ್ನು ಗಂಡಸುತನಕ್ಕೆ ಕಡಿಮೆ ಅನ್ನುವ ಹಾಗೆ ನೋಡಿದರು. ಚೆಂಡೂ ಕುಂಬಳಕಾಯಿಯ ಹಾಗೆ ದಪ್ಪ, ಒಂದು ಕೈಯಲ್ಲಿ ಹಿಡಿದು ಎಸೆಯುವುದೇ ಕಷ್ಟ. 1934ರಲ್ಲಿ ಅದರ ಸುತ್ತಳತೆ ಕಡಿಮೆ ಮಾಡಿ ತೆಳ್ಳಗೆ ಮಾಡಿದರು.

ಇಲ್ಲಿ ರೇಡಿಯೋದವಳಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಪ್ರತಿ ಹೊಸವರ್ಷದ ದಿನ ರೋಸ್ ಬೌಲ್ ಎಂಬ ಪಂದ್ಯ ನಡೆಯುತ್ತದೆ. 1926ರಲ್ಲಿ ಅಲಬಾಮಾ ಅಲ್ಲಿ ವಾಷಿಂಗ್ಟನ್ ತಂಡವನ್ನು 20-19ರಲ್ಲಿ ಸೋಲಿಸಿತು. ಆ ದಿನ ಎರಡು ಟಚ್‌ಡೌನ್ ಕ್ಯಾಚ್ ಹಿಡಿದ ಜಾನಿ ಮ್ಯಾಕ್ ಬ್ರೌನ್ ಮುಂದೆ ಹಾಲಿವುಡ್ಡಿಗೆ ಹೋಗಿ ಕುದುರೆ ಏರಿ ಕೌಬಾಯ್ ನಾಯಕನಾದ. ಮರುವರ್ಷ, 1927ರ ಜನವರಿ 1ರಂದು, ಅಲಬಾಮಾ ಮತ್ತು ಸ್ಟ್ಯಾನ್‌ಫರ್ಡ್ ನಡುವಿನ ರೋಸ್ ಬೌಲ್ ಪಂದ್ಯವನ್ನು ಎನ್‌ಬಿಸಿ ರೇಡಿಯೋ ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ಬಿತ್ತರಿಸಿತು. ಪಂದ್ಯ 7-7 ಸಮ. ಆಗ ನಮ್ಮ ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೇಂದ್ರ ಶುರುವಾಗಲು ಇನ್ನೂ ಆರೇಳು ತಿಂಗಳಿತ್ತು.

ಇರಲಿ, ವಿಷಯಕ್ಕೆ ಬರೋಣ. 1935ರ ರೋಸ್ ಬೌಲ್. ಮತ್ತೆ ಅಲಬಾಮಾ, ಮತ್ತೆ ಸ್ಟ್ಯಾನ್‌ಫರ್ಡ್. ಅಲಬಾಮಾದ ಒಂದು ಅಂಚಿನಲ್ಲಿ ಆರ್ಕನ್ಸಾದ ಪೈನ್ ಬ್ಲಫ್ ಊರಿನ ಡಾನ್ ಹಟ್ಸನ್. ಆಗ ವೈಡ್ ರಿಸೀವರ್ ಎಂಬ ಹೆಸರೇ ಇರಲಿಲ್ಲ, ‘ಎಂಡ್’ ಅನ್ನುತ್ತಿದ್ದರು, ಸಾಲಿನ ತುದಿಯವನು ಅಂತ. ಅವನ ಕೆಲಸ ಮುಖ್ಯವಾಗಿ ಎದುರಾಳಿಯನ್ನು ತಳ್ಳುವುದು. ಆಗೊಮ್ಮೆ ಈಗೊಮ್ಮೆ ಚೆಂಡು ಬಂದರೆ ಹಿಡಿಯುವುದು. ತಂಡ ಚೆಂಡು ಕಳೆದುಕೊಂಡರೆ ಅದೇ ಹುಡುಗ ತಡೆಯುವ ಕೆಲಸಕ್ಕೂ ನಿಲ್ಲಬೇಕು. ಹಟ್ಸನ್ ಓಟಗಾರ. ಎದುರಾಳಿಯ ಮುಂದೆ ಒಂದು ಕಡೆ ಹೋಗುವ ಹಾಗೆ ಮೈ ವಾಲಿಸಿ, ಅವನು ಆ ಕಡೆ ಕಾಲಿಡುತ್ತಿದ್ದಂತೆ ಇನ್ನೊಂದು ಕಡೆ ಹಾರಿಬಿಡುತ್ತಿದ್ದ. ಆ ದಿನ ಡಿಕ್ಸಿ ಹೋವೆಲ್ ಎಸೆದ, ಹಟ್ಸನ್ ಹಿಡಿದ. ಆರು ಕ್ಯಾಚ್, 165 ಗಜ, ಎರಡು ಟಚ್‌ಡೌನ್. ಅಲಬಾಮಾ 29, ಸ್ಟ್ಯಾನ್‌ಫರ್ಡ್ 13.

ಅಲ್ಲಿಂದ ಅವನು ವೃತ್ತಿಪರ ಆಟಕ್ಕೆ, ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಹೋದ. ಹನ್ನೊಂದು ವರ್ಷಕ್ಕೆ 99 ಟಚ್‌ಡೌನ್ ಕ್ಯಾಚ್. ಆ ದಾಖಲೆ ಮುರಿದದ್ದು 1989ರಲ್ಲಿ! ಇಂದಿನ ಎಲ್ಲ ವೈಡ್ ರಿಸೀವರ್‌ಗಳು ಓಡುವ ಲೆಕ್ಕಾಚಾರದ ದಾರಿಗಳಿಗೆ ಅಡಿಪಾಯ ಹಾಕಿದವನು ಹಟ್ಸನ್ ಎನ್ನುತ್ತಾರೆ ಬಲ್ಲವರು. ಸ್ಮಿತ್ ಈ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ, ಹಟ್ಸನ್ ಅದು ಒಂದು ಕೆಲಸ ಎಂದೇ ತೋರಿಸಿಕೊಟ್ಟ. ಇಬ್ಬರನ್ನು ಹೇಗೆ ತೂಗುತ್ತೀರಿ?

ತೂಗಲು ಒಬ್ಬ ಸಾಕ್ಷಿ ಸಿಗುತ್ತಾನೆ. 1935ರ ಆ ಪಂದ್ಯದಲ್ಲಿ ಹಟ್ಸನ್ ಒಂದು ತುದಿಯಲ್ಲಿದ್ದರೆ ಇನ್ನೊಂದು ತುದಿಯಲ್ಲಿದ್ದವನು ಪಾಲ್ ಬ್ರಯಂಟ್. ಅವನೂ ಆರ್ಕನ್ಸಾದವನೇ. ಹಟ್ಸನ್‌ನ ಹೆಸರಿನ ನೆರಳಲ್ಲಿ ಅವನನ್ನು ‘ಆ ಇನ್ನೊಬ್ಬ ಎಂಡ್’ ಎಂದೇ ಕರೆಯುತ್ತಿದ್ದರಂತೆ. ಆ ಇನ್ನೊಬ್ಬನೇ 1958ರಲ್ಲಿ ಅಲಬಾಮಾದ ಕೋಚ್ ಆಗಿ ಬಂದು, 1982ರವರೆಗೆ ಇದ್ದು, ಆರು ಸಲ ತಂಡವನ್ನು ದೇಶದ ಅಗ್ರಸ್ಥಾನಕ್ಕೆ ಏರಿಸಿದ. ‘ಬೇರ್’ ಬ್ರಯಂಟ್ ಅಂದರೆ ಆ ರಾಜ್ಯದಲ್ಲಿ ಇವತ್ತಿಗೂ ದೇವರಿಗೆ ಒಂದು ಮೆಟ್ಟಿಲು ಕೆಳಗೆ. ಹಟ್ಸನ್‌ನ ಪಕ್ಕದಲ್ಲಿ ನಿಂತು ಆಡಿದ, ಆಮೇಲೆ ಇಪ್ಪತ್ತೈದು ವರ್ಷ ಚೆಂಡು ಹಿಡಿಯುವ ಹುಡುಗರನ್ನು ತಯಾರು ಮಾಡಿದ ಈತ ಏನಂದ? ಅವನ ತೀರ್ಪಿನಲ್ಲಿ ಮೊದಲ ಹೆಸರು ಹಟ್ಸನ್ ಅಲ್ಲ, ಆಝಿ ನ್ಯೂಸಮ್. ಹಟ್ಸನ್‌ನನ್ನೂ ಸೇರಿಸಿ ಹೇಳುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿದ್ದ.

ನ್ಯೂಸಮ್ ಬಗ್ಗೆ ಹೇಳುವ ಮೊದಲು ಒಂದು ಸಂಗತಿ ಹೇಳಲೇಬೇಕು. ಮಾಟುಂಗಾದ ಹಿರಿಯರ ಮಗನ ಹಾಸ್ಟೆಲ್ ಜಗಳದಲ್ಲಿ ಇದು ಬಂತೋ ಇಲ್ಲವೋ ಕಾಣೆ. ಸ್ಮಿತ್, ಕೂಪರ್, ಜೋನ್ಸ್ ಮೂವರೂ ಕಪ್ಪು ವರ್ಣೀಯರು. ನ್ಯೂಸಮ್ ಕೂಡ. ಹಟ್ಸನ್ ಬಿಳಿಯ. 1892ರಿಂದ 1970ರವರೆಗೆ ಅಲಬಾಮಾದ ಪರವಾಗಿ ಒಂದು ಪಂದ್ಯವಾದರೂ ಆಡಿದ ಪ್ರತಿಯೊಬ್ಬನೂ ಕಪ್ಪು ವರ್ಣೀಯನಲ್ಲದವನು. ಎಪ್ಪತ್ತೆಂಟು ವರ್ಷ!

ಅಲ್ಲಿ ಪ್ರತಿಭೆ ಇರಲಿಲ್ಲ ಅಂತಲ್ಲ, ಬಾಗಿಲು ಇರಲಿಲ್ಲ. ನ್ಯಾಯಾಲಯದ ಆದೇಶ ಹಿಡಿದು 1956ರಲ್ಲಿ ಆಥರೀನ್ ಲೂಸಿ ಎಂಬ ಕಪ್ಪು ಯುವತಿ ಈ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಕಲ್ಲು ಹಿಡಿದ ಗುಂಪು ಅವಳನ್ನು ಬೆನ್ನಟ್ಟಿತು. ಕೆಲವೇ ದಿನಗಳಲ್ಲಿ ವಿಶ್ವವಿದ್ಯಾಲಯ ಹೊರಹಾಕಿದ್ದು ಗುಂಪನ್ನಲ್ಲ, ಅವಳನ್ನು. 1963ರ ಜೂನ್ 11ರಂದು ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್ ಹೆಸರು ನೋಂದಾಯಿಸಲು ಬಂದರು. ರಾಜ್ಯಪಾಲ ಜಾರ್ಜ್ ವಾಲೆಸ್ ಸ್ವತಃ ಬಾಗಿಲಿಗೆ ಅಡ್ಡ ನಿಂತ. ಅಧ್ಯಕ್ಷ ಕೆನಡಿ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನು ಕೇಂದ್ರದ ವಶಕ್ಕೆ ತೆಗೆದುಕೊಂಡ ಮೇಲೆಯೇ ಅವನು ಸರಿದದ್ದು. (ನಮ್ಮಲ್ಲಿ ರಾಜ್ಯಪಾಲರನ್ನು ನೇಮಿಸುತ್ತಾರೆ, ಅಲ್ಲಿ ಜನ ಚುನಾಯಿಸುತ್ತಾರೆ. ಹೀಗೆ ಅಡ್ಡ ನಿಂತದ್ದಕ್ಕೆ ವೋಟು ಬೀಳುತ್ತಿದ್ದ ಕಾಲ ಅದು.)

ತರಗತಿಯ ಬಾಗಿಲು ತೆರೆದರೂ ಮೈದಾನದ ಬಾಗಿಲು ತೆರೆಯಲಿಲ್ಲ. ಅದೇ ಅರವತ್ತರ ದಶಕದಲ್ಲಿ ಅಲಬಾಮಾದಲ್ಲಿ ರೇ ಪರ್ಕಿನ್ಸ್, ಡೆನಿಸ್ ಹೋಮನ್ ಎಂಬ ಇಬ್ಬರು ಸೊಗಸಾದ ಕ್ಯಾಚ್‌ಗಾರರಿದ್ದರು. 1966ರಲ್ಲಿ ತಂಡ ಆಡಿದ ಹನ್ನೊಂದೂ ಪಂದ್ಯ ಗೆದ್ದಿತು. ಪರ್ಕಿನ್ಸ್, ಹೋಮನ್ ಹೆಸರು ಇವತ್ತಿಗೂ ಪಟ್ಟಿಗಳಲ್ಲಿ ಬರುತ್ತದೆ, ಬರಲಿ. ಅವರ ಆಟದಲ್ಲಿ ಕೊರತೆಯಿಲ್ಲ. ಆದರೆ ಅವರ ಜಾಗಕ್ಕೆ ಸ್ಪರ್ಧಿಸಬಹುದಾಗಿದ್ದ ಹುಡುಗರಲ್ಲಿ ಒಂದು ದೊಡ್ಡ ಪಾಲು ಬೇಲಿಯ ಆಚೆಗಿತ್ತು. 1967ರ ವಸಂತದಲ್ಲಿ ಐವರು ಕಪ್ಪು ವಿದ್ಯಾರ್ಥಿಗಳು ವಿದ್ಯಾರ್ಥಿವೇತನವಿಲ್ಲದೆ ತಾವೇ ಅಭ್ಯಾಸಕ್ಕೆ ಬಂದರು. ಬ್ರಯಂಟ್ ಬೇಡ ಅನ್ನಲಿಲ್ಲ. ಆದರೆ ಅವರಲ್ಲಿ ಒಬ್ಬರಿಗೂ ಋತುವಿನ ಪಂದ್ಯದಲ್ಲಿ ಆಡುವ ಯೋಗ ಬರಲಿಲ್ಲ.

ಈಗ ಕೇಳಿ. 1952ರ ಜುಲೈನಲ್ಲಿ ಟಸ್ಕಲೂಸಾದಲ್ಲೇ, ಅದೇ ವಿಶ್ವವಿದ್ಯಾಲಯದ ಊರಿನಲ್ಲೇ, ಒಂದು ಗಂಡು ಮಗು ಹುಟ್ಟಿತು. ಹೆಸರು ಜಾನ್ ಸ್ಟಾಲ್‌ವರ್ತ್. ಬೆಳೆದು ಎತ್ತರದ, ನಿಧಾನ ಮಾತಿನ ಹುಡುಗನಾದ. 1970ರಲ್ಲಿ ಕಾಲೇಜಿಗೆ ಹೊರಟಾಗ ಅವನು ಸೇರಿದ್ದು ಊರಿನ ದೊಡ್ಡ ವಿಶ್ವವಿದ್ಯಾಲಯವನ್ನಲ್ಲ. ರಾಜ್ಯದ ಉತ್ತರಕ್ಕೆ ಹಂಟ್ಸ್‌ವಿಲ್ ಬಳಿಯಿರುವ, ಕಪ್ಪು ವಿದ್ಯಾರ್ಥಿಗಳಿಗಾಗಿ 1875ರಲ್ಲಿ ಶುರುವಾದ ಅಲಬಾಮಾ ಎ ಅಂಡ್ ಎಂ ಎಂಬ ಸಣ್ಣ ಕಾಲೇಜನ್ನು. ಅಲ್ಲಿಂದ 1974ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅವನನ್ನು ಆರಿಸಿಕೊಂಡಿತು. ಆ ತಂಡದಲ್ಲಿ ನಾಲ್ಕು ಸೂಪರ್ ಬೌಲ್ ಗೆದ್ದ. 537 ಕ್ಯಾಚ್, 8,723 ಗಜ, 63 ಟಚ್‌ಡೌನ್. 1980ರ ಜನವರಿಯ ಸೂಪರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗ್ ಹಿಂದೆ ಬಿದ್ದಿದ್ದಾಗ, ತಲೆಯ ಮೇಲಿಂದ ಬಂದ ಚೆಂಡನ್ನು ಓಡುತ್ತಲೇ ಹಿಡಿದು 73 ಗಜದ ಟಚ್‌ಡೌನ್ ಮಾಡಿದವನು ಇವನೇ. 2002ರಲ್ಲಿ ವೃತ್ತಿಪರ ಆಟದ ಹಾಲ್ ಆಫ್ ಫೇಮ್ ಸೇರಿದ.

ಟಸ್ಕಲೂಸಾದಲ್ಲಿ ಹುಟ್ಟಿದ ಅತಿ ದೊಡ್ಡ ವೈಡ್ ರಿಸೀವರ್ ಟಸ್ಕಲೂಸಾದ ವಿಶ್ವವಿದ್ಯಾಲಯಕ್ಕೆ ಒಂದು ಚೆಂಡೂ ಹಿಡಿಯಲಿಲ್ಲ. ಸ್ಟಾಲ್‌ವರ್ತ್ 1970ರಲ್ಲಿ ಕಾಲೇಜು ಸೇರಿದ ಹೊತ್ತಿಗೆ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು, ನಿಜ. ಆ ವರ್ಷವೇ ಅಲಬಾಮಾ ಮೊದಲ ಬಾರಿಗೆ ಒಬ್ಬ ಕಪ್ಪು ಆಟಗಾರನಿಗೆ ಫುಟ್‌ಬಾಲ್ ವಿದ್ಯಾರ್ಥಿವೇತನ ಕೊಟ್ಟಿತ್ತು. ಹೆಸರು ವಿಲ್ಬರ್ ಜಾಕ್ಸನ್. ವಿಚಿತ್ರ ನೋಡಿ, ಅವನನ್ನು ತೆಗೆದುಕೊಂಡದ್ದೂ ರಿಸೀವರ್ ಆಗಿಯೇ, ಆಮೇಲೆ ಓಟಗಾರನನ್ನಾಗಿ ಮಾಡಿದರು. ಆ ಕಾಲದ ನಿಯಮದಂತೆ ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವ ಹಾಗಿರಲಿಲ್ಲ. ಹಾಗಾಗಿ 1970ರ ಸೆಪ್ಟೆಂಬರ್ 12ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ತಂಡ ಬಂದು, ಸ್ಯಾಮ್ ಕನ್ನಿಂಗ್‌ಹ್ಯಾಮ್ ಎಂಬ ಕಪ್ಪು ಓಟಗಾರ 135 ಗಜ ಓಡಿ, ಬಿಳಿಯರದ್ದೇ ಆಗಿದ್ದ ಅಲಬಾಮಾವನ್ನು 42-21ರಲ್ಲಿ ಮಣಿಸಿದಾಗ ಜಾಕ್ಸನ್ ಬರೀ ಪ್ರೇಕ್ಷಕ. ಮರುವರ್ಷ ಅದೇ ತಂಡವನ್ನು ಅವರ ಊರಿನಲ್ಲೇ ಅಲಬಾಮಾ 17-10ರಲ್ಲಿ ಸೋಲಿಸಿತು. ಅಂದು ಆಡಿದ ಜಾನ್ ಮಿಚೆಲ್ ಅಲಬಾಮಾದ ಪರ ಪಂದ್ಯವೊಂದರಲ್ಲಿ ಕಣಕ್ಕಿಳಿದ ಮೊದಲ ಕಪ್ಪು ಆಟಗಾರ.

ಆ ಸೋಲೇ ಎಲ್ಲವನ್ನೂ ಬದಲಿಸಿತು ಎಂಬ ಕಥೆ ಅಮೆರಿಕದಲ್ಲಿ ಜನಪ್ರಿಯ. ಕೇಳಲು ಚೆನ್ನಾಗಿದೆ, ಸಿನಿಮಾ ಮಾಡಬಹುದು. ಆದರೆ ಜಾಕ್ಸನ್ ಆ ಸೋಲಿಗೆ ಮೊದಲೇ ಅಲ್ಲಿ ವಿದ್ಯಾರ್ಥಿಯಾಗಿದ್ದ ಎನ್ನುವುದನ್ನು ಮರೆಯಬಾರದು. ಹಾಗೆಯೇ, ಬ್ರಯಂಟ್‌ಗೆ ಮನಸ್ಸಿತ್ತು ರಾಜ್ಯ ಬಿಡಲಿಲ್ಲ ಅನ್ನುವವರ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಅಷ್ಟು ದೊಡ್ಡ ಮನುಷ್ಯ, ಅವನ ಒಂದು ಮಾತಿಗೆ ರಾಜ್ಯವೇ ತಲೆಯಾಡಿಸುತ್ತಿತ್ತು. ಹನ್ನೆರಡು ವರ್ಷ ಅವನು ಕಾದ. ಕಾದದ್ದರ ಬೆಲೆ ಕೊಟ್ಟವರು ಬೇರೆಯವರು.

ಇದು ನಮಗೆ ಹೊಸ ಕಥೆಯೂ ಅಲ್ಲ. ನಾವಿರುವ ಈ ಮುಂಬಯಿ, ಪುಣೆಗಳಲ್ಲೇ ನಡೆದದ್ದು. ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಾಲವಣಕರ ಬಾಳೂ ಎಂಬ ದಲಿತ ಎಡಗೈ ಸ್ಪಿನ್ನರ್ 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದ. ಪುಣೆಯಲ್ಲಿ ಹಿಂದೂ ತಂಡಕ್ಕೆ ಅವನ ಬೌಲಿಂಗ್ ಬೇಕಿತ್ತು, ಆದರೆ ಚಹಾ ಮಾತ್ರ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಬಟ್ಟಲಲ್ಲಿ. ತಂಡದ ನಾಯಕತ್ವ ಅವನಿಗೆ ಸಿಗಲೇ ಇಲ್ಲ, 1923ರಲ್ಲಿ ತಮ್ಮ ವಿಠಲನಿಗೆ ಸಿಕ್ಕಿತು. ನಮ್ಮ ಫೋನ್ ಜಗಳದಲ್ಲಿ ಪ್ರಸನ್ನ, ಚಂದ್ರ, ಕುಂಬ್ಳೆ ಬಿಟ್ಟು ನಾಲ್ಕನೇ ಹೆಸರಾಗಿ ಧಾರವಾಡದ ಈ ಬಾಳೂವನ್ನು ಒಬ್ಬರೂ ಎತ್ತಲಿಲ್ಲ. ಪ್ರಶ್ನೆ ಕೇಳಿದ ನಾನೂ ಎತ್ತಲಿಲ್ಲ.

ಈಗ ಆಝಿ ನ್ಯೂಸಮ್. ಉತ್ತರ ಅಲಬಾಮಾದ ಲೇಟನ್ ಎಂಬ ಹಳ್ಳಿ ಕಡೆಯ ಹುಡುಗ. 1974ರಲ್ಲಿ ಟಸ್ಕಲೂಸಾಕ್ಕೆ ಬಂದ. ಬಾಗಿಲು ತೆರೆದು ಮೂರೇ ವರ್ಷ. ನಾಲ್ಕು ವರ್ಷ ಆಡಿ ಅವನು ಹಿಡಿದ ಚೆಂಡುಗಳು ಒಟ್ಟು 102. ಸ್ಮಿತ್ 2020ರ ಒಂದೇ ವರ್ಷ ಹಿಡಿದದ್ದು 117 ಎಂದು ಆಗಲೇ ಹೇಳಿದೆನಲ್ಲ? ಹುಡುಗರು ಇಲ್ಲೇ ನಗುವುದು. ಒಬ್ಬನ ಇಡೀ ಕಾಲೇಜು ಜೀವನ ಇನ್ನೊಬ್ಬನ ಒಂದು ವರ್ಷಕ್ಕೆ ಸಮನಿಲ್ಲ ಅಂತ.

ಆದರೆ ಅವನು ಯಾವ ತಂಡದಲ್ಲಿ ಆಡುತ್ತಿದ್ದ ನೋಡಿ. 1971ರಿಂದ ಬ್ರಯಂಟ್ ‘ವಿಷ್‌ಬೋನ್’ ಎಂಬ ವ್ಯೂಹ ಹಿಡಿದಿದ್ದ. ಕ್ವಾರ್ಟರ್‌ಬ್ಯಾಕ್ ಹಿಂದೆ ಮೂವರು ಓಟಗಾರರು, ಚೆಂಡು ಯಾರ ಕೈಗೆ ಹೋಯಿತು ಎಂದು ಎದುರಾಳಿಗೆ ತಿಳಿಯಬಾರದು, ಎಲ್ಲವೂ ಓಟವೇ. ಎಸೆಯುವುದು ಮದುವೆ ಊಟದಲ್ಲಿ ಉಪ್ಪಿನಕಾಯಿ ಇದ್ದ ಹಾಗೆ, ಎಲೆಯ ತುದಿಗೆ ಸ್ವಲ್ಪ. ಅಂಥ ತಂಡದಲ್ಲಿ ರಿಸೀವರ್ ಆಗುವುದು ಅಂದರೆ ಗಂಟೆಗಟ್ಟಲೆ ಬೇರೆಯವರಿಗಾಗಿ ದಾರಿ ಬಿಡಿಸುತ್ತಾ, ಎದುರಾಳಿಯನ್ನು ತಳ್ಳುತ್ತಾ ಇರುವುದು. ಒಂದು ಪಂದ್ಯಕ್ಕೆ ಎರಡೋ ಮೂರೋ ಎಸೆತ ಬರುತ್ತದೆ, ಅದೂ ತಂಡ ಕಷ್ಟದಲ್ಲಿದ್ದಾಗ. ಅದನ್ನು ಬಿಡುವ ಹಾಗಿಲ್ಲ. ನ್ಯೂಸಮ್ ಆ 102 ಕ್ಯಾಚ್‌ನಲ್ಲಿ 2,070 ಗಜ ತಂದ. ಒಂದೊಂದಕ್ಕೂ ಸರಾಸರಿ ಇಪ್ಪತ್ತು ಗಜಕ್ಕೆ ಮೇಲೆ. ಸ್ಮಿತ್‌ನ ನಾಲ್ಕು ವರ್ಷದ ಸರಾಸರಿ ಹದಿನೇಳರ ಹತ್ತಿರ, ಕೂಪರ್‌ದು ಹದಿನೈದು.

ಸ್ಮಿತ್‌ನ ಪರವಾಗಿ ನ್ಯಾಯವಾಗಿ ಹೇಳಬೇಕಾದ್ದೂ ಇದೆ. ಹೆಚ್ಚು ಚೆಂಡು ಬಂದಷ್ಟೂ ಸರಾಸರಿ ಇಳಿಯುತ್ತದೆ, ಏಕೆಂದರೆ ಎದುರಾಳಿಗಳೆಲ್ಲ ಅವನ ಮೇಲೇ ಕಣ್ಣಿಟ್ಟಿರುತ್ತಾರೆ. ಜೊತೆಗಾರ ಜೇಲನ್ ವಾಡಲ್ 2020ರ ಅಕ್ಟೋಬರಿನಲ್ಲಿ ಕಣಕಾಲು ಮುರಿದುಕೊಂಡ ಮೇಲಂತೂ ಎಲ್ಲ ಭಾರ ಸ್ಮಿತ್ ಮೇಲೆ. ಆದರೂ ಯಾರೂ ತಡೆಯಲಾಗಲಿಲ್ಲ. ಒಂದು ವರ್ಷದ ಆಟ ಮಾತ್ರ ತೂಗುವುದಾದರೆ ನಾನೂ ಸ್ಮಿತ್‌ಗೇ ಕೈ ಎತ್ತುತ್ತೇನೆ.

ನ್ಯೂಸಮ್ ಮುಂದೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನಲ್ಲಿ 662 ಕ್ಯಾಚ್ ಹಿಡಿದ, 1999ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ನನಗೆ ಹೆಚ್ಚು ಕುತೂಹಲದ್ದು ಅದರ ನಂತರದ್ದು. 2002ರಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡ ಅವನನ್ನು ಜನರಲ್ ಮ್ಯಾನೇಜರ್ ಮಾಡಿತು. ಆಟಗಾರರನ್ನು ಆರಿಸುವ, ಸಂಬಳ ಗೊತ್ತುಮಾಡುವ, ಬೇಡವಾದವರನ್ನು ಕಳಿಸುವ ಹುದ್ದೆ ಅದು. ಅಮೆರಿಕದ ವೃತ್ತಿಪರ ಲೀಗಿನಲ್ಲಿ ಆ ಹುದ್ದೆಗೆ ಏರಿದ ಮೊದಲ ಕಪ್ಪು ವರ್ಣೀಯ ಇವನು. ಯಾರನ್ನು ಒಳಗೆ ಬಿಡಬೇಕು ಎಂದು ಹೇಳುವ ಕುರ್ಚಿಯಲ್ಲಿ ಕೂತವನು ಬಾಗಿಲು ತೆರೆದ ಮೇಲೆ ಮೊದಮೊದಲು ಒಳಗೆ ಬಂದವರಲ್ಲಿ ಒಬ್ಬ.

ಹಾಗಾದರೆ ನನ್ನ ಮತ ಯಾರಿಗೆ? ಬ್ರಯಂಟ್‌ನ ನೈತಿಕ ತೀರ್ಪುಗಳನ್ನು ನಾನು ಕಣ್ಣುಮುಚ್ಚಿ ಒಪ್ಪುವವಳಲ್ಲ ಎಂದು ಮೇಲೆಯೇ ತಿಳಿದಿದೆ. ಆದರೆ ಚೆಂಡು ಹಿಡಿಯುವ ವಿಷಯದಲ್ಲಿ ಅವನಿಗಿಂತ ಹತ್ತಿರದಿಂದ ಇಬ್ಬರನ್ನೂ ಕಂಡವರಿಲ್ಲ. ಹಟ್ಸನ್ ಅವನ ಗೆಳೆಯ, ಅವನ ಯೌವನದ ನಾಯಕ. ಗೆಳೆಯನನ್ನು ಎರಡನೇ ಸ್ಥಾನಕ್ಕಿಳಿಸಿ ಲೇಟನ್‌ನ ಹುಡುಗನ ಹೆಸರು ಹೇಳಬೇಕಾದರೆ ಕಣ್ಣಾರೆ ಕಂಡದ್ದು ಅಷ್ಟು ಬಲವಾಗಿರಬೇಕು. ನನ್ನ ಪಟ್ಟಿಯಲ್ಲಿ ನ್ಯೂಸಮ್ ಮೊದಲು, ಸ್ಮಿತ್ ಎರಡು, ಹಟ್ಸನ್ ಮೂರು. ಕೂಪರ್ ಮತ್ತು ಜೋನ್ಸ್ ನಡುವೆ ನೀವೇ ಹೊಡೆದಾಡಿಕೊಳ್ಳಿ. ಬೈಯುವವರಿಗೆ ಭಾನುವಾರ ಬೆಳಿಗ್ಗೆ ಫೋನು ತೆರೆದಿರುತ್ತದೆ.

ಮಾಟುಂಗಾದ ಹಿರಿಯರಿಗೆ ಒಂದು ವಿನಂತಿ. ಈ ಸಲ ಮಗ ಫೋನ್ ಮಾಡಿದಾಗ ಪಟ್ಟಿ ಓದಿ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿ ನೋಡಿ: ಪಿಟ್ಸ್‌ಬರ್ಗ್‌ನ ಜಾನ್ ಸ್ಟಾಲ್‌ವರ್ತ್ ಹುಟ್ಟಿದ ಊರು ಯಾವುದಪ್ಪಾ? ಅವನು ಏನು ಹೇಳಿದ ಎಂದು ನಮಗೂ ತಿಳಿಸಿ. ಮುಂದಿನ ವಾರ ಗಾಳಿಯಲ್ಲಿ ಓದುತ್ತೇನೆ.